‘ಗೆ’, ‘ತಾವ’ ಮತ್ತು ಒಡೆತನದ ವ್ಯಾಕರಣ

ಹೊಸದಾಗಿ ಒಂದು ಭಾಷೆಯನ್ನು ಕಟ್ಟಲು ಹೊರಟವರಿಗೆ ‘ಇದು ಇಂಥವರದು’ ಎಂಬುದನ್ನು ಹೇಗೆ ಹೇಳಿಸಬೇಕೆಂಬ ಪ್ರಶ್ನೆ ಬಹುಬೇಗ ಎದುರಾಗುತ್ತದೆ. 1887ರಲ್ಲಿ ಎಸ್ಪೆರಾಂಟೊ ಭಾಷೆಯನ್ನು ಪ್ರಕಟಿಸಿದ ಜಾಮೆನ್‌ಹಾಫ್ ಅವರು ಒಡೆಯನ ಹೆಸರಿಗೆ ಮುಂಚೆ ಬರುವ ‘ದೆ’ ಎಂಬ ಪುಟ್ಟ ಪದದ ಜೊತೆಗೆ, ಒಡೆತನವನ್ನೇ ತಿಳಿಸುವ ‘ಹಾವಿ’ ಎಂಬ ಕ್ರಿಯಾಪದವನ್ನೂ ಅದರಲ್ಲಿ ಇಟ್ಟರು. ಕನ್ನಡದ ಬರವಣಿಗೆಯಲ್ಲಿ ‘ಹೊಂದಿದ್ದಾನೆ’ ಎಂಬ ಮಾತು ಕಾಣುತ್ತದಾದರೂ ಆಡುಮಾತಿಗೆ ಅದರ ಅಗತ್ಯವೇ ಬಿದ್ದಿಲ್ಲ; ‘ಇರು’ ಎಂಬ ಒಂದೇ ಧಾತು ಆ ಕೆಲಸವನ್ನೆಲ್ಲ ಇನ್ನೂ ನಯವಾಗಿ ಮಾಡುತ್ತದೆ.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಸೀಮೆಯ ಮಾತು ಇದಕ್ಕೆ ಒಳ್ಳೆಯ ನಿದರ್ಶನ. ‘ನಂಗೊಬ್ಬ ತಮ್ಮ ಅವ್ನೆ’ ಎಂಬಲ್ಲಿ ಚತುರ್ಥಿ ವಿಭಕ್ತಿಯ ‘ಗೆ’ ಪ್ರತ್ಯಯವು ಕಡಿಯಲಾಗದ ನಂಟನ್ನು ತಿಳಿಸಿದರೆ, ‘ನನ್ ತಾವ ನೂರು ರೂಪಾಯಿ ಐತೆ’ ಎಂಬಲ್ಲಿ, ಹತ್ತಿರ ಎಂಬ ಅರ್ಥದ ‘ತಾವ’ ಎಂಬ ಮಾತು, ಸದ್ಯ ಕೈಯಲ್ಲಿದ್ದು ನಾಳೆ ಕೈಬಿಡಬಹುದಾದ ವಸ್ತುವನ್ನು ಸೂಚಿಸುತ್ತದೆ. ‘ನನ್ ತಾವ ತಮ್ಮ ಅವ್ನೆ’ ಎಂದೊಡನೆ ಅರ್ಥ ಬದಲಾಗಿ, ತಮ್ಮ ಈಗ ಜೊತೆಯಲ್ಲಿದ್ದಾನೆ ಎಂದಷ್ಟೇ ಆಗುತ್ತದೆ. ವಿಶೇಷವೆಂದರೆ, ಮಾರಬಹುದಾದ ಗದ್ದೆಯೂ ‘ಅವ್ರಿಗೆ ಎರಡೆಕರೆ ಗದ್ದೆ ಐತೆ’ ಎಂದು ನೆಂಟರ ಸಾಲಿಗೇ ಸೇರುತ್ತದೆ. ರೈತನಿಗೆ ನೆಲವು ಜೇಬಿನ ದುಡ್ಡಿನಂಥದಲ್ಲ ಎಂಬುದನ್ನು ವ್ಯಾಕರಣವೇ ಹೇಳಿದಂತಿದೆ.

ಕಲ್ಪಿತ ಭಾಷೆಗಳ ಕರ್ತೃಗಳೂ ಇಂಥ ಭೇದಗಳನ್ನು ಬಯಸಿದ್ದುಂಟು. ‘ಸ್ಟಾರ್ ಟ್ರೆಕ್’ ಚಿತ್ರಗಳಿಗಾಗಿ ಕ್ಲಿಂಗಾನ್ ಭಾಷೆಯನ್ನು ರೂಪಿಸಿ 1985ರಲ್ಲಿ ಅದರ ನಿಘಂಟನ್ನು ಹೊರತಂದ ಮಾರ್ಕ್ ಓಕ್ರಾಂಡ್, ಮಾತಾಡಬಲ್ಲ ಜೀವಿಗಳಿಗೆ ಒಂದು, ಉಳಿದವಕ್ಕೆ ಇನ್ನೊಂದು ಎಂದು ‘ನನ್ನ’ ಎಂಬುದಕ್ಕೆ ಎರಡು ಪ್ರತ್ಯಯಗಳನ್ನು ಕೊಟ್ಟಿದ್ದಾರೆ. ಟೋಲ್ಕಿನ್ ಅವರ ಕ್ವೆನ್ಯಾ ಭಾಷೆಯಲ್ಲಿ, ಅವರ ಕಥೆಗಳ ದೇವತೆಯೊಬ್ಬನ ಹೆಸರು ಹಿಡಿದು ‘ಒರೊಮೆಯ ಕಹಳೆ’ ಎನ್ನುವಾಗ, ಅದು ಆತನಿಂದ ಬಂದದ್ದಾದರೆ ‘ಓ’ ಎಂಬ ಪ್ರತ್ಯಯವೂ ಆತನ ಸ್ವತ್ತೇ ಆಗಿದ್ದರೆ ‘ವಾ’ ಎಂಬ ಪ್ರತ್ಯಯವೂ ಹತ್ತುತ್ತದೆ.

ಪ್ರತ್ಯಯವನ್ನೇ ಬಿಟ್ಟು ಒಡೆಯನನ್ನು ಮೊದಲು, ಒಡವೆಯನ್ನು ಆಮೇಲೆ ಇಡುವುದು ಮತ್ತೊಂದು ದಾರಿ. ಕ್ಲಿಂಗಾನ್ ಹಿಡಿದ ಈ ದಾರಿ ಪಾಂಡವಪುರ, ಕೃಷ್ಣರಾಜಪೇಟೆ ಎಂಬ ಸಮಾಸಗಳಲ್ಲೇ ಇದೆ. ‘ಪಾಂಡವಪುರದ ಸಂತೆ’ ಎಂದಾಗ, 13ನೆಯ ಶತಮಾನದಲ್ಲಿ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಷಷ್ಠಿಗೆ ಹೇಳಿದ ‘ಅ’ಕಾರವು ಮತ್ತೆ ಕಾಣಿಸಿಕೊಳ್ಳುತ್ತದೆ. ಹೊಸ ಭಾಷೆ ಕಟ್ಟುವ ಹಂಬಲವುಳ್ಳ ಕನ್ನಡದ ಹುಡುಗ ಹುಡುಗಿಯರು ‘ಹಾವಿ’ಯಂಥ ಕ್ರಿಯಾಪದವನ್ನು ಹುಡುಕಿ ಹೊರಡುವ ಮುನ್ನ, ತಮ್ಮ ಊರಿನವರು ‘ತಾವ’ ಎನ್ನುವುದೆಲ್ಲಿ, ‘ಗೆ’ ಎನ್ನುವುದೆಲ್ಲಿ ಎಂಬುದಕ್ಕೆ ಒಮ್ಮೆ ಕಿವಿಗೊಡಬೇಕು.