ಇಸವಿಯನ್ನು ಕಳೆದುಕೊಂಡ ಸಾಲು

ಒಂದು ಜಾಲದಿಂದ ಇನ್ನೊಂದು ಜಾಲಕ್ಕೆ ಮಾಹಿತಿಯನ್ನು ದಾಟಿಸುವ ರೌಟರ್ ಎಂಬ ಯಂತ್ರವು ಯಾವ ಸಂಪರ್ಕ ಕಡಿಯಿತು, ಯಾವುದು ಮರಳಿ ಬಂತು, ಯಾರು ಒಳಹೊಕ್ಕು ಯಾವ ಸೂಚನೆಯನ್ನು ತಿದ್ದಿದರು ಎಂಬುದನ್ನೆಲ್ಲ ಒಂದೊಂದು ಸಾಲಿನಲ್ಲಿ ಬರೆಯುತ್ತಾ ಹೋಗುತ್ತದೆ. ಈ ಸಾಲುಗಳಿಗೆ ಲಾಗ್ ಎಂದೂ, ಅವನ್ನು ಜಾಲದ ಮೂಲಕವೇ ಬೇರೊಂದು ಕಂಪ್ಯೂಟರಿಗೆ ಕಳುಹಿಸಿ ಕೂಡಿಡುವ ಪದ್ಧತಿಗೆ ಸಿಸ್‌ಲಾಗ್ ಎಂದೂ ಹೆಸರು. ಬೆಂಗಳೂರಿನ ಪದ್ಮನಾಭನಗರದಂಥ ಬಡಾವಣೆಯಲ್ಲಿ ಮನೆಮನೆಗೆ ಇಂಟರ್ನೆಟ್ ಹಂಚುವ ಸಣ್ಣ ಕೊಠಡಿಯಿಂದ ಹಿಡಿದು ದೊಡ್ಡ ದೂರಸಂಪರ್ಕ ಕೇಂದ್ರಗಳವರೆಗೆ ಎಲ್ಲೆಡೆ ನಡೆಯುವ ಈ ಬರವಣಿಗೆಯ ಹಳೆಯ ರೂಪದಲ್ಲಿ, ಅಂದರೆ ಇಂದಿಗೂ ವ್ಯಾಪಕವಾಗಿ ಬಳಕೆಯಲ್ಲಿರುವ ರೂಪದಲ್ಲಿ, ತಿಂಗಳು, ತಾರೀಕು, ಗಂಟೆ, ನಿಮಿಷ, ಸೆಕೆಂಡು ಎಲ್ಲವೂ ಇರುತ್ತವೆ, ಇಸವಿ ಇರುವುದಿಲ್ಲ.

ಇಸವಿ ಹೋದದ್ದು ಹೇಗೆಂಬುದನ್ನು ಮೂಲ ಪ್ರೋಗ್ರಾಮಿನಲ್ಲೇ ಓದಬಹುದು. ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಎರಿಕ್ ಆಲ್ಮನ್ 1980ರ ದಶಕದ ಆರಂಭದಲ್ಲಿ ಸೆಂಡ್‌ಮೇಲ್ ಎಂಬ ಅಂಚೆ ತಂತ್ರಾಂಶವನ್ನು ರೂಪಿಸಿದಾಗ, ಅದರ ನಡವಳಿಕೆಯನ್ನು ದಾಖಲಿಸಲೆಂದು ಸಿಸ್‌ಲಾಗ್ ಹುಟ್ಟಿತು, 1983ರ 4.2 ಬಿಎಸ್‌ಡಿ ಎಂಬ ಯುನಿಕ್ಸ್ ಆವೃತ್ತಿಯಲ್ಲಿ ಕಾಣಿಸಿಕೊಂಡು, 1986ರ 4.3 ಆವೃತ್ತಿಯಲ್ಲಿ ಎಲ್ಲ ಪ್ರೋಗ್ರಾಮುಗಳಿಗೂ ಒದಗುವಂತಾಯಿತು. ಯುನಿಕ್ಸಿನಲ್ಲಿ ಹೊತ್ತು ಎಷ್ಟೆಂದು ಕೇಳಿದರೆ ಸಿ-ಟೈಮ್ ಎಂಬ ಸೌಲಭ್ಯವು 24 ಅಕ್ಷರಗಳ ಉತ್ತರವನ್ನು ಕೊಡುತ್ತದೆ: ಮೊದಲು ವಾರದ ಹೆಸರು, ಬಳಿಕ ತಿಂಗಳು, ತಾರೀಕು, ಗಂಟೆ, ನಿಮಿಷ, ಸೆಕೆಂಡು, ಕೊನೆಯಲ್ಲಿ ಇಸವಿ. 4.3 ಬಿಎಸ್‌ಡಿಯ ಸಿಸ್‌ಲಾಗ್ ಈ ಉತ್ತರದ ಮೊದಲ 4 ಅಕ್ಷರಗಳನ್ನು ಹಾರಿಸಿ, ಮುಂದಿನ 15ನ್ನು ಮಾತ್ರ ಉಳಿಸಿಕೊಂಡು, ಕೊನೆಯ 5ನ್ನು ಬಿಟ್ಟುಬಿಡುತ್ತದೆ. ಯಂತ್ರಕ್ಕೆ ಇಸವಿ ಗೊತ್ತಿತ್ತು, ಅದನ್ನು ಹೇಳಿಯೂ ಇತ್ತು. ಬರೆಯುವ ಹೊತ್ತಿಗೆ ವಾರವೂ ಇಸವಿಯೂ ಕತ್ತರಿಸಿಹೋದವು.

ಶಾಸನಗಳನ್ನು ಓದುವವರಿಗೆ ಈ ನಷ್ಟದ ಭಾರ ಚೆನ್ನಾಗಿ ತಿಳಿದಿದೆ. ಶಕವರ್ಷವಿರುವ ಭಾಗ ಒಡೆದುಹೋಗಿ ವಿಕ್ರಮ, ಪ್ಲವ ಮುಂತಾದ ಸಂವತ್ಸರದ ಹೆಸರೂ ತಿಥಿ, ವಾರಗಳೂ ಮಾತ್ರ ಉಳಿದ ಕಲ್ಲಿನಲ್ಲಿ, ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುವ ಆ ಹೆಸರು ಯಾವ ಸುತ್ತಿನದೆಂದು ನಿರ್ಧರಿಸಲು ವಿದ್ವಾಂಸರು ತಿಥಿಯೂ ವಾರವೂ ಯಾವ ವರ್ಷದಲ್ಲಿ ಕೂಡಿಬರುತ್ತವೆಂದು ಲೆಕ್ಕಹಾಕುತ್ತಾರೆ. ಸಿಸ್‌ಲಾಗಿನ ಸಾಲಿನಲ್ಲಿ ವಾರವಾದರೂ ಉಳಿದಿದ್ದರೆ ಅದೇ ಲೆಕ್ಕ ಇಲ್ಲಿಯೂ ನಡೆಯುತ್ತಿತ್ತು. ಇಸವಿಯ ಜೊತೆಗೆ ಇಸವಿಯನ್ನು ಹುಡುಕುವ ದಾರಿಯನ್ನೂ ಮುಚ್ಚಿದ್ದು ಈ ಕತ್ತರಿಯ ನಿಜವಾದ ಹಾನಿ.

ಸಿಸ್‌ಲಾಗ್ ಹುಟ್ಟಿದ ಕಾಲದ ಗುರುತುಗಳು ಸಾಲಿನ ಆರಂಭದ ಅಂಕಿಯಲ್ಲಿ ಇನ್ನೂ ಉಳಿದಿವೆ. ಸುದ್ದಿ ಯಾವ ವಿಭಾಗದ್ದೆಂದು ಹೇಳಲು 0ಯಿಂದ 23ರವರೆಗೆ, ಎಷ್ಟು ಗಂಭೀರವೆಂದು ಹೇಳಲು 0ಯಿಂದ 7ರವರೆಗೆ ಸಂಖ್ಯೆಗಳಿದ್ದು, ವಿಭಾಗದ ಸಂಖ್ಯೆಯನ್ನು 8ರಿಂದ ಗುಣಿಸಿ ಗಂಭೀರತೆಯನ್ನು ಕೂಡಿಸಿದರೆ ಆ ಅಂಕಿ ಸಿಗುತ್ತದೆ. ಸಾಲು 189ರಿಂದ ಮೊದಲಾದರೆ ಅದು 23ನೆಯ ವಿಭಾಗದ, 5ನೆಯ ಹಂತದ ಸುದ್ದಿ. ಸಿಸ್ಕೋ ಕಂಪನಿಯ ರೌಟರುಗಳು ಯಾರೂ ಬದಲಿಸದಿದ್ದರೆ ಈ 23ನ್ನೇ ಬಳಸುತ್ತವೆ. 8ನೆಯ ವಿಭಾಗವು ಯುಯುಸಿಪಿಗೆ, ಅಂದರೆ ಟೆಲಿಫೋನ್ ತಂತಿಯಲ್ಲಿ ಒಂದು ಯುನಿಕ್ಸ್ ಯಂತ್ರ ಇನ್ನೊಂದಕ್ಕೆ ಕರೆಮಾಡಿ ಪತ್ರಗಳನ್ನು ಒಪ್ಪಿಸುತ್ತಿದ್ದ ಏರ್ಪಾಡಿಗೆ, ಮೀಸಲು. ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆಯು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ 1986ರಲ್ಲಿ ಆರಂಭಿಸಿದ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಭಾಗಿಯಾಗಿದ್ದ ಎರ್ನೆಟ್ ಜಾಲದಲ್ಲಿ ಮೊದಮೊದಲ ಅಂಚೆ ಓಡಾಡಿದ್ದು ಈ ಯುಯುಸಿಪಿಯಲ್ಲೇ.

1990ರ ದಶಕದಲ್ಲಿ ಬೆಂಗಳೂರಿನ ಕಚೇರಿಗಳಿಗೆ ರೌಟರುಗಳು ಬಂದಾಗ ಇಸವಿಯ ಕೊರತೆ ಇನ್ನೊಂದು ಕೊರತೆಯೊಡನೆ ಕೂಡಿಕೊಂಡಿತು. ಆ ಕಾಲದ ಸಿಸ್ಕೋ 2500 ಸರಣಿಯಂಥ ಸಣ್ಣ ರೌಟರುಗಳಲ್ಲಿ ವಿದ್ಯುತ್ ಇಲ್ಲದಾಗಲೂ ನಡೆಯುವ, ಬ್ಯಾಟರಿಯುಳ್ಳ ಗಡಿಯಾರವಿರಲಿಲ್ಲ. ಕರೆಂಟು ಹೋಗಿ ಬಂದಾಗಲೆಲ್ಲ ಅವುಗಳ ಕಾಲವು 1993ರ ಮಾರ್ಚ್ 1ರ ಮಧ್ಯರಾತ್ರಿಯಿಂದ ಹೊಸದಾಗಿ ಆರಂಭವಾಗುತ್ತಿತ್ತು. ಲೋಡ್ ಶೆಡ್ಡಿಂಗ್ ದಿನಚರಿಯಾಗಿದ್ದ ಊರಿನಲ್ಲಿ, ಯುಪಿಎಸ್ ಬ್ಯಾಟರಿ ಬರಿದಾದ ಮೇಲೆ ಏಳುವ ರೌಟರ್ ತನ್ನ ಸಾಲುಗಳನ್ನು ಮತ್ತೆ ಮಾರ್ಚ್ 1 ಎಂದೇ ಬರೆಯುತ್ತಿತ್ತು, ಮತ್ತು 1993 ಎಂಬ ಅಂಕಿ ಸಾಲಿನಲ್ಲಿ ಮುದ್ರಿತವಾಗದ ಕಾರಣ ಆ ತಾರೀಕು ಸುಳ್ಳೆಂಬ ನೇರ ಸುಳಿವು ಅಲ್ಲಿರುತ್ತಿರಲಿಲ್ಲ. ತಾರೀಕಿಗೆ ಮೊದಲು ಒಂದು ನಕ್ಷತ್ರ ಚಿಹ್ನೆ ಮಾತ್ರ ಇರುತ್ತಿತ್ತು. ಗಡಿಯಾರವನ್ನು ಇನ್ನೂ ಯಾರೂ ಹೊಂದಿಸಿಲ್ಲ, ಈ ಹೊತ್ತನ್ನು ನಂಬಬಾರದು ಎಂಬುದು ಅದರ ಅರ್ಥ. ಅಷ್ಟು ಪ್ರಾಮಾಣಿಕವಾದ ಆ ಚುಕ್ಕಿಯನ್ನು ಗಮನಿಸದೆ ಓದುವವರಿಗೆ ಜೂನ್ ತಿಂಗಳ ಗುಡುಗುಮಳೆಯಲ್ಲಿ ಕಡಿದ ಸಂಪರ್ಕವೂ ಡಿಸೆಂಬರಿನಲ್ಲಿ ಕಡಿದದ್ದೂ ಒಂದೇ ರಾತ್ರಿಯ ಘಟನೆಗಳಾಗಿ ಕಾಣುತ್ತವೆ.

ಕರೆಂಟು ಹೋದ ಕ್ಷಣದ ದಾಖಲೆಯಂತೂ ಉಳಿಯುವುದೇ ಇಲ್ಲ. ರೌಟರ್ ತನ್ನ ನೆನಪಿನಲ್ಲಿ ಲಾಗಿಗೆಂದು ಇಡುವ ಜಾಗ ಹಲವು ಹಳೆಯ ಮಾದರಿಗಳಲ್ಲಿ 4096 ಬೈಟುಗಳಷ್ಟೇ ಆಗಿದ್ದು, ಅದು ತುಂಬಿದರೆ ಹಳೆಯ ಸಾಲುಗಳ ಮೇಲೆ ಹೊಸವು ಬಂದು ಕೂರುತ್ತವೆ, ಕರೆಂಟು ಹೋದರೆ ಎಲ್ಲವೂ ಅಳಿಯುತ್ತವೆ. ಬೇರೆ ಕಂಪ್ಯೂಟರಿಗೆ ಕಳುಹಿಸೋಣವೆಂದರೆ ಸಿಸ್‌ಲಾಗ್ ಬಳಸುವುದು ಯುಡಿಪಿಯ 514ನೆಯ ದ್ವಾರವನ್ನು. ಯುಡಿಪಿ ಎಂದರೆ ತಲುಪಿತೋ ಇಲ್ಲವೋ ಎಂದು ವಿಚಾರಿಸದ ಸಾಗಣೆ, ಹೀಗಾಗಿ ಇರುವ ಒಂದೇ ಸಂಪರ್ಕ ಕಡಿದಾಗ ಅದು ಕಡಿಯಿತೆಂಬ ಸುದ್ದಿಯೂ ದಾರಿಯಲ್ಲೇ ಕಳೆದುಹೋಗುತ್ತದೆ. ತಲುಪಿದವುಗಳ ಆಯುಸ್ಸಾದರೂ ದೀರ್ಘವಲ್ಲ: ಹಲವು ಲಿನಕ್ಸ್ ವ್ಯವಸ್ಥೆಗಳು ವಾರಕ್ಕೊಂದು ಕಡತ ತೆರೆದು, ನಾಲ್ಕು ಹಳೆಯ ಕಡತಗಳನ್ನಷ್ಟೇ ಇಟ್ಟುಕೊಂಡು ಉಳಿದವನ್ನು ತಾವಾಗಿಯೇ ಅಳಿಸುತ್ತವೆ. ದೇಶದ ತಂತ್ರಾಂಶ ರಾಜಧಾನಿಯೆಂದು ಹೆಸರಾದ ಊರು ತನ್ನ ಜಾಲ ಹೇಗೆ ಬೆಳೆಯಿತೆಂಬುದಕ್ಕೆ ಯಂತ್ರಗಳೇ ಬರೆದ ಸಾಕ್ಷ್ಯವನ್ನು ಹೀಗೆ ತಿಂಗಳು ತಿಂಗಳೂ ಒರೆಸಿಕೊಂಡದ್ದು ಸಣ್ಣ ನಷ್ಟವಲ್ಲ.

ಸುಮಾರು ಎರಡು ದಶಕಗಳ ಕಾಲ ಸಿಸ್‌ಲಾಗಿಗೆ ಬರೆದಿಟ್ಟ ನಿಯಮವೇ ಇರಲಿಲ್ಲ. 2001ರ ಆಗಸ್ಟಿನಲ್ಲಿ ಸಿಸ್ಕೋದ ಕ್ರಿಸ್ ಲಾನ್ವಿಕ್ ಸಿದ್ಧಪಡಿಸಿದ ಆರ್‌ಎಫ್‌ಸಿ 3164 ಎಂಬ ದಾಖಲೆಯು ಇರುವ ರೂಢಿಯನ್ನು ವಿವರಿಸಿತೇ ಹೊರತು ತಿದ್ದಲಿಲ್ಲ. 15 ಅಕ್ಷರಗಳ ಹೊತ್ತು ಹಾಗೆಯೇ ಉಳಿಯಿತು. ರೈನರ್ ಗೆರ್ಹಾರ್ಡ್ಸ್ ಬರೆದ, 2009ರ ಮಾರ್ಚಿನ ಆರ್‌ಎಫ್‌ಸಿ 5424 ಇಸವಿಯನ್ನೂ, ಸ್ಥಳೀಯ ಕಾಲವು ಜಾಗತಿಕ ಕಾಲಕ್ಕಿಂತ ಎಷ್ಟು ಮುಂದೆ ಅಥವಾ ಹಿಂದೆ ಎಂಬುದನ್ನೂ ಸಾಲಿನೊಳಗೆ ಸೇರಿಸಿತು. ಎರಡನೆಯದು ಭಾರತಕ್ಕೆ ಮುಖ್ಯ: ಬೆಂಗಳೂರಿನಲ್ಲಿ ಜನವರಿ 1ರ ನಸುಕಿನ 2 ಗಂಟೆಗೆ ನಡೆದದ್ದು ಜಾಗತಿಕ ಕಾಲಕ್ಕೆ ಹೊಂದಿಸಿದ ರೌಟರಿನಲ್ಲಿ ಡಿಸೆಂಬರ್ 31ರ ರಾತ್ರಿ 8.30 ಎಂದು ದಾಖಲಾಗುತ್ತದೆ, ಅಂದರೆ ಓದುಗ ಊಹಿಸಿಕೊಳ್ಳಬೇಕಾದ ಇಸವಿಯೂ ಬದಲಾಗಿರುತ್ತದೆ.

ದಾಖಲೆಯನ್ನು ಎಲ್ಲ ಸಂಸ್ಥೆಗಳೂ ಇಟ್ಟುಕೊಳ್ಳಲೇಬೇಕೆಂಬ ಕಟ್ಟುಪಾಡು ಬಂದದ್ದು ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಿಂದ: ಸೇವೆ ಒದಗಿಸುವವರು ಮತ್ತು ಸಂಸ್ಥೆಗಳು ತಮ್ಮ ಎಲ್ಲ ವ್ಯವಸ್ಥೆಗಳ ಲಾಗುಗಳನ್ನು 180 ದಿನ ಭಾರತದೊಳಗೆ ಕಾಪಾಡಬೇಕು, ಗಡಿಯಾರಗಳನ್ನು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಕಾಲಕ್ಕೆ ಹೊಂದಿಸಬೇಕು. ಸಿಸ್ಕೋ ರೌಟರಿನಲ್ಲಿ ಇದಕ್ಕೆ ಬೇಕಾದ ಸಾಲುಗಳು ಕೆಲವೇ: ಕಾಲವನ್ನು ತರಲು ‘ಎನ್‌ಟಿಪಿ ಸರ್ವರ್’, ಭಾರತದ ಐದೂವರೆ ಗಂಟೆಯ ಅಂತರಕ್ಕೆ ‘ಕ್ಲಾಕ್ ಟೈಮ್‌ಝೋನ್’, ಸಾಲುಗಳು ಸೇರಬೇಕಾದ ಕಂಪ್ಯೂಟರಿಗೆ ‘ಲಾಗಿಂಗ್ ಹೋಸ್ಟ್’, ಯಾವ ಹಂತದವರೆಗಿನ ಸುದ್ದಿ ಹೋಗಬೇಕೆಂದು ಹೇಳಲು ‘ಲಾಗಿಂಗ್ ಟ್ರ್ಯಾಪ್’. ಸಾಲಿನ ಹೊತ್ತನ್ನು ನಿರ್ಧರಿಸುವ ‘ಸರ್ವಿಸ್ ಟೈಮ್‌ಸ್ಟ್ಯಾಂಪ್ಸ್’ ಆಜ್ಞೆಗೆ ಇತ್ತೀಚಿನ ಆವೃತ್ತಿಗಳಲ್ಲಿ ‘ಇಯರ್’ ಎಂಬ ಪದವನ್ನೂ ಸೇರಿಸಬಹುದಾಗಿದ್ದು, ಸೇರಿಸಿದರೆ 1986ರಲ್ಲಿ ಕತ್ತರಿಸಿದ ನಾಲ್ಕು ಅಂಕಿಗಳು ಮರಳಿ ಬರುತ್ತವೆ. ಆದರೆ ಆ ಪದವನ್ನು ಬೆಂಗಳೂರಿನ ಪ್ರತಿಯೊಂದು ರೌಟರಿನಲ್ಲೂ ಯಾರಾದರೊಬ್ಬರು ಕೈಯಾರೆ ಬರೆಯಬೇಕು.