ಹಾಡಿನೊಡನೆ ಹೆಸರು

ಒಳ್ಳೆಯ ಹಾಡೊಂದನ್ನು ಕೇಳಿದವನಿಗೆ ಅದನ್ನು ಇನ್ನೊಬ್ಬರ ಕಿವಿಗೆ ಮುಟ್ಟಿಸುವ ತನಕ ಸಮಾಧಾನವಿರುವುದಿಲ್ಲ. ಊಟವನ್ನು ಒಬ್ಬನೇ ಮಾಡಿದರೂ ಹೊಟ್ಟೆ ತುಂಬುತ್ತದೆ. ಹಾಡಿನ ಸಂಗತಿ ಹಾಗಲ್ಲ. "ನೀವು ಇವರನ್ನು ಕೇಳಿದ್ದೀರಾ?" ಎಂದು ಒಬ್ಬರ ಹತ್ತಿರವಾದರೂ ಹೇಳಿಕೊಂಡ ಮೇಲೆಯೇ ನಾವು ಕೇಳಿದ ಸುಖ ಪೂರ್ಣವಾಗುವುದು. ಅದರಲ್ಲಿಯೂ ಹಾಡಿದವರು ಯಾವುದೋ ಮೂಲೆಯ ಹಳ್ಳಿಯ ಮೇಳದವರಾಗಿದ್ದರೆ ಈ ಹಂಬಲ ಇಮ್ಮಡಿಯಾಗುತ್ತದೆ. ಹೆಸರಾಂತ ವಿದ್ವಾಂಸರ ಕಚೇರಿಗೆ ನಮ್ಮ ನಿಮ್ಮ ಶಿಫಾರಸು ಬೇಕಾಗಿಲ್ಲ. ಆ ಕೆಲಸವನ್ನು ಪತ್ರಿಕೆಗಳು ಮಾಡುತ್ತವೆ. ಸಿನಿಮಾ ಹಾಡನ್ನು ಬೀದಿ ಬೀದಿಯೇ ಹಾಡುತ್ತದೆ. ಊರಾಚೆಗೆ ಹೆಸರಿಲ್ಲದ ಮೇಳಕ್ಕಾದರೋ ಕೇಳಿದವನ ಬಾಯಿಮಾತೊಂದೇ ದಿಕ್ಕು. ಆ ಬಾಯಿಮಾತು ಹೇಗಿರಬೇಕು ಎಂಬುದೇ ಇಂದಿನ ನನ್ನ ವಿಷಯ. ಅದನ್ನು ನನ್ನದೇ ಒಂದು ತಪ್ಪಿನಿಂದ ಪ್ರಾರಂಭಿಸುವುದು ಮೇಲು.

1986ನೆಯ ಇಸವಿಯ ಚಳಿಗಾಲ. ಬಿಡದಿಗೆ ಸಮೀಪದ ಒಂದು ಹಳ್ಳಿಯಲ್ಲಿ ಸಿದ್ಧಪ್ಪಾಜಿಯ ಒಕ್ಕಲಿನ ಮನೆಯವರೊಬ್ಬರು ಹರಕೆಯ ನಿಮಿತ್ತ ನೀಲಗಾರರನ್ನು ಕರೆಸಿ ಕಥೆ ಮಾಡಿಸಿದ್ದರು. ಮಂಟೇಸ್ವಾಮಿ, ರಾಚಪ್ಪಾಜಿ, ಸಿದ್ಧಪ್ಪಾಜಿ ಇವರ ಪರಂಪರೆಗೆ ಸೇರಿ, ದೀಕ್ಷೆ ಪಡೆದು, ಆ ಮಹಿಮರ ಕಥೆಗಳನ್ನು ಹಾಡುವವರು ನೀಲಗಾರರು. ತಂಬೂರಿ, ಗಗ್ಗರ, ದಮ್ಮಡಿ, ತಾಳ ಇವು ಅವರ ವಾದ್ಯಗಳು. ಮುಖ್ಯ ಗಾಯಕ ಕಥೆಯನ್ನು ಹಾಡುತ್ತಾ, ನಡುನಡುವೆ ಮಾತಿನಲ್ಲಿ ಹೇಳುತ್ತಾ ಮುಂದಕ್ಕೊಯ್ಯುತ್ತಾನೆ. ಹಿಮ್ಮೇಳದವರು ಸೊಲ್ಲನ್ನು ಹಿಡಿದು ಮರಳಿಸುತ್ತಾರೆ. ರಾತ್ರಿ ಊಟವಾದ ಮೇಲೆ ಕುಳಿತರೆ ಬೆಳಗಿನ ಕೋಳಿ ಕೂಗುವವರೆಗೆ ಕಥೆ.

ಆಗ ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದ ಹೊಸ ಅಧ್ಯಾಪಕ. ಹಳಗನ್ನಡ ಕಾವ್ಯವನ್ನು ಪುಸ್ತಕದಲ್ಲಿ ಓದಿದ್ದೆನೇ ಹೊರತು, ಕಾವ್ಯವೊಂದು ಕಣ್ಣೆದುರಿನಲ್ಲಿ ಹುಟ್ಟುತ್ತಾ ಬರುವುದನ್ನು ಕಂಡಿರಲಿಲ್ಲ. ಆ ರಾತ್ರಿಯ ಗಾಯಕನಿಗೆ ಐವತ್ತರ ಮೇಲಿನ ವಯಸ್ಸು. ಕಂಠ ಇಂಪಾದುದೆಂದು ಹೇಳಲಾರೆ, ತುಸು ಒಡೆದ ಕಂಠವೇ. ಆದರೆ ಸಿದ್ಧಪ್ಪಾಜಿ ಪಡುವ ಪರೀಕ್ಷೆಗಳ ಪ್ರಸಂಗ ಬಂದಾಗ ಆತ ದನಿಯನ್ನು ಏರಿಸಲಿಲ್ಲ, ಇಳಿಸಿದ. ಚಪ್ಪರದ ಕೆಳಗೆ ಕುಳಿತಿದ್ದವರೆಲ್ಲ ಅರಿವಿಲ್ಲದೆಯೇ ಮುಂದಕ್ಕೆ ಬಾಗಿದರು. ಮಿತ್ರರೊಬ್ಬರಿಂದ ತಂದಿದ್ದ ಟೇಪ್ ರೆಕಾರ್ಡರಿನಲ್ಲಿ ಒಂದು ಕ್ಯಾಸೆಟ್ಟಿನ ಎರಡು ಮಗ್ಗುಲಿಗೂ ಆ ಹಾಡನ್ನು ತುಂಬಿಕೊಂಡೆ. ಬೆಳಿಗ್ಗೆ ಮೊದಲ ಬಸ್ಸು ಹಿಡಿಯುವ ಅವಸರದಲ್ಲಿ ಹೊರಟುಬಂದೆ.

ಆ ಕ್ಯಾಸೆಟ್ಟು ನಮ್ಮ ಗೆಳೆಯರ ಬಳಗದಲ್ಲಿ ಒಂದು ವರ್ಷ ಕೈಯಿಂದ ಕೈಗೆ ಓಡಾಡಿತು. ಒಬ್ಬರು ಪ್ರತಿ ಮಾಡಿಕೊಂಡರು, ಅವರಿಂದ ಇನ್ನೊಬ್ಬರು ಮಾಡಿಕೊಂಡರು. ಕಡೆಗೆ ಮೈಸೂರಿನ ಸ್ನೇಹಿತರೊಬ್ಬರಿಂದ ನನಗೆ ಕಾಗದ ಬಂತು. "ಇವರು ಯಾರು? ನಮ್ಮ ಉತ್ಸವಕ್ಕೆ ಕರೆಸಬೇಕು, ವಿಳಾಸ ತಿಳಿಸಿ" ಎಂದಿತ್ತು. ಕ್ಯಾಸೆಟ್ಟಿನ ಮೇಲೆ ನಾನು ಬರೆದಿದ್ದುದು ಇಷ್ಟೆ: "ನೀಲಗಾರರ ಪದ, ಬಿಡದಿ". ಇಡೀ ರಾತ್ರಿ ಎದುರಿಗೆ ಕುಳಿತು ಕೇಳಿ, ಆತನ ಹೆಸರನ್ನು ನಾನು ಕೇಳಿರಲಿಲ್ಲ.

ಮರಳಿ ಆ ಹಳ್ಳಿಗೆ ಹೋದೆ. ಕಥೆ ಮಾಡಿಸಿದ ಹಿರಿಯರು ತೀರಿಕೊಂಡಿದ್ದರು. ಮೇಳ ಮಳವಳ್ಳಿ ಕಡೆಯದೆಂದು ಒಬ್ಬರೆಂದರು, ಕನಕಪುರದ ಕಡೆಯದೆಂದು ಇನ್ನೊಬ್ಬರೆಂದರು. ಬಿಡದಿಯ ಹೋಟೆಲಿನಲ್ಲಿ ತಟ್ಟೆ ಇಡ್ಲಿಯ ಮುಂದೆ ಕುಳಿತಿದ್ದ ಹಿರಿಯರನ್ನೆಲ್ಲ ವಿಚಾರಿಸಿದೆ. ಅವರು ನಾಲ್ಕು ಮೇಳಗಳ ಹೆಸರು ಹೇಳಿದರು, ಹುಡುಕಿಕೊಂಡು ಹೋದರೆ ಯಾವುದೂ ಅದಲ್ಲ. ಇಂದಿಗೂ ಆ ಕ್ಯಾಸೆಟ್ಟು ನನ್ನ ಬಳಿ ಇದೆ. ಅದರಲ್ಲಿ ಒಂದು ಕಡೆ ಗಾಯಕ ಹಾಡನ್ನು ನಿಲ್ಲಿಸಿ ದಮ್ಮಡಿಯವನಿಗೆ "ಬಾವ, ನಿದ್ದೆ ಬಂತಾ?" ಎಂದು ಕೇಳುತ್ತಾನೆ, ಎಲ್ಲರೂ ನಗುತ್ತಾರೆ. ಆತ ಯಾರಿಗೋ ಬಾವಮೈದುನ ಎಂಬುದೊಂದೇ ಆತನ ವಿಷಯವಾಗಿ ನನಗೆ ಉಳಿದಿರುವ ವಿಳಾಸ. ನನ್ನ ಮೆಚ್ಚುಗೆ ಹತ್ತಾರು ಜನರನ್ನು ಮುಟ್ಟಿತು. ಯಾರನ್ನು ಮುಟ್ಟಬೇಕಾಗಿತ್ತೋ ಆತನನ್ನು ಮಾತ್ರ ಮುಟ್ಟಲಿಲ್ಲ.

ಕನ್ನಡ ಸಾಹಿತ್ಯ ಓದಿದವನಿಗೆ ಈ ಸಂದರ್ಭದಲ್ಲಿ 'ಕವಿರಾಜಮಾರ್ಗ' ನೆನಪಾಗುವುದು ಸಹಜ. 9ನೆಯ ಶತಮಾನದ ಆ ಗ್ರಂಥದಲ್ಲಿ ಹಿಂದಿನ ಕನ್ನಡ ಗದ್ಯಕಾರರ ಹೆಸರುಗಳನ್ನು ಹೇಳಿದೆ: ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ. ಇವರ ಒಂದು ಕನ್ನಡ ಕೃತಿಯೂ ನಮಗೆ ದೊರೆತಿಲ್ಲ. ಆದರೂ ಕನ್ನಡ ಎಂ.ಎ. ವಿದ್ಯಾರ್ಥಿಗೆ ಈ ನಾಲ್ಕು ಹೆಸರುಗಳು ಕಂಠಪಾಠ. ಒಬ್ಬ ರಸಿಕ ತನ್ನ ಓದುಗರಿಗೆ "ಇಂಥವರು ಇದ್ದಾರೆ" ಎಂದು ಹೇಳಿದ್ದರಿಂದ ಸಾವಿರದ ನೂರು ವರ್ಷಗಳಾಚೆಗೂ ಆ ಹೆಸರುಗಳು ಉಳಿದುವು. ಅಲ್ಲಿ ಕೃತಿ ಹೋಯಿತು, ಹೆಸರು ಉಳಿಯಿತು. ನಮ್ಮ ಜನಪದ ಗಾಯಕರ ಪಾಡು ಇದಕ್ಕೆ ತಿರುವುಮುರುವು. ಹಾಡು ಉಳಿಯುತ್ತದೆ, ಹಾಡಿದವರ ಹೆಸರು ಹೋಗುತ್ತದೆ.

ಕೇಳಿದ ಹಾಡನ್ನು ಗೆಳೆಯರು ಗೆಳೆಯರಿಗೆ ಹಂಚಿ, ಅದರಿಂದ ನಾಡಿಗೇ ಉಪಕಾರವಾದುದಕ್ಕೆ ದೊಡ್ಡ ನಿದರ್ಶನ ವಿಜಯಪುರ ಜಿಲ್ಲೆಯ ಹಲಸಂಗಿಯದು. ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಹಲಸಂಗಿ ಗೆಳೆಯರು ತಮ್ಮ ಸೀಮೆಯ ಹೆಣ್ಣುಮಕ್ಕಳ ತ್ರಿಪದಿಗಳನ್ನು ಕೂಡಿಸಿ 1931ರಲ್ಲಿ 'ಗರತಿಯ ಹಾಡು' ಎಂಬ ಸಂಕಲನವನ್ನು ಹೊರತಂದರು. ಬೀಸುವ ಕಲ್ಲಿನ ಮುಂದಿನ ಪದಗಳು ಪಂಡಿತರ ಮೇಜಿನ ಮೇಲೆ ಬಂದು ಕುಳಿತುವು. ಆ ಉಪಕಾರವನ್ನು ಕನ್ನಡಿಗರು ಮರೆಯುವಂತಿಲ್ಲ. ಆದರೆ ಹೊದಿಕೆಯ ಮೇಲಿನ 'ಗರತಿ' ಎಂಬ ಮಾತು ಯಾವೊಬ್ಬ ಹೆಂಗಸಿನ ಹೆಸರೂ ಅಲ್ಲ. ಒಂದು ಸೀಮೆಯ ಎಲ್ಲ ಹೆಂಗಸರಿಗೂ ಸಲ್ಲುವ ಮಾತು. ಹಾಡು ಎಲ್ಲರದೂ ಆಗಿದ್ದ ಕಾಲದಲ್ಲಿ ಅದು ತಪ್ಪೇನೂ ಅಲ್ಲ.

ಇದರೊಡನೆ ಇನ್ನೊಂದು ಪುಸ್ತಕದ ಹೆಸರನ್ನು ಇಟ್ಟು ನೋಡಿ. ಎಚ್.ಎಲ್. ನಾಗೇಗೌಡರು ಸಂಗ್ರಹಿಸಿದ ಒಂದು ಪುಸ್ತಕಕ್ಕೆ 'ಸೋಬಾನೆ ಚಿಕ್ಕಮ್ಮನ ಪದಗಳು' ಎಂದು ಹೆಸರು. ಹೊದಿಕೆಯನ್ನು ನೋಡಿದ ಕೂಡಲೆ, ಇವು ಚಿಕ್ಕಮ್ಮ ಎಂಬ ಒಬ್ಬ ಹೆಣ್ಣುಮಗಳು ಹಾಡಿದ ಪದಗಳೆಂದು ತಿಳಿಯುತ್ತದೆ. ಐ.ಎ.ಎಸ್. ಅಧಿಕಾರಿಯಾಗಿದ್ದ ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿದರು. ಬಿಡದಿಯಿಂದ ಮೈಸೂರಿನ ಹಳೆಯ ಹೆದ್ದಾರಿ ಹಿಡಿದು ರಾಮನಗರವನ್ನು ದಾಟಿದರೆ ಸಿಕ್ಕುವ ಜಾನಪದ ಲೋಕ 1994ರಲ್ಲಿ ಪ್ರಾರಂಭವಾದುದು. ಅದೂ ಅವರು ಕಟ್ಟಿದುದೇ. ಅಲ್ಲಿಗೆ ಹೋದವರು ಒನಕೆ, ನೇಗಿಲು, ಸೂತ್ರದ ಗೊಂಬೆಗಳನ್ನು ನೋಡಿ ಬರುತ್ತಾರೆ. ಆದರೆ ಆ ಸಂಸ್ಥೆಯ ಮೂಲದಲ್ಲಿರುವುದು ಕಂಠಗಳನ್ನು ಹುಡುಕಿಕೊಂಡು ಹೋದ ಒಬ್ಬ ಕೇಳುಗನ ಹಂಬಲವೆಂಬುದನ್ನು ನೆನೆಯಬೇಕು. ಹೀಗೆಯೇ ಚಳ್ಳಕೆರೆ ಸೀಮೆಯ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯ ಹೆಸರು ನಮಗೆ ತಿಳಿದದ್ದು ಕೃಷ್ಣಮೂರ್ತಿ ಹನೂರರು ಆಕೆಯ ಪದಗಳನ್ನು ಆಕೆಯ ಹೆಸರಿನೊಡನೆಯೇ ನಾಡಿನ ಮುಂದಿಟ್ಟದ್ದರಿಂದ. ಓದುಬರಹವಿಲ್ಲದ ಆ ತಾಯಿಯ ನೆನಪಿನಲ್ಲಿ ಸಾವಿರಾರು ಪದಗಳಿದ್ದುವು.

ಊರಿನ ಹೆಸರೊಂದು ಉಳಿದಿದ್ದರೆ ಏನಾಗಬಹುದೆಂಬುದಕ್ಕೆ ದೂರದ ಅಮೆರಿಕದ ಒಂದು ಪ್ರಸಂಗ ಹೇಳುತ್ತೇನೆ. ಮಿಸಿಸಿಪ್ಪಿ ಪ್ರಾಂತದ ಜಾನ್ ಹರ್ಟ್ ಎಂಬ ಕರಿಯ ಕೃಷಿಕ 1928ರಲ್ಲಿ ಗ್ರಾಮಫೋನ್ ಕಂಪೆನಿಯೊಂದಕ್ಕೆ ಗಿಟಾರಿನೊಡನೆ ಕೆಲವು ಹಾಡುಗಳನ್ನು ಹಾಡಿದ. ತಟ್ಟೆಗಳು ಹೆಚ್ಚು ಮಾರಾಟವಾಗಲಿಲ್ಲ. ಆತ ಊರಿಗೆ ಮರಳಿ ಕೂಲಿನಾಲಿ ಮಾಡಿಕೊಂಡಿದ್ದ. 1952ರಲ್ಲಿ ಹ್ಯಾರಿ ಸ್ಮಿತ್ ಎಂಬ ಸಂಗ್ರಾಹಕ ಹಳೆಯ ತಟ್ಟೆಗಳಿಂದ 84 ಹಾಡುಗಳನ್ನು ಆರಿಸಿ ಒಂದು ಸಂಪುಟವನ್ನು ಹೊರತಂದಾಗ ಅದರಲ್ಲಿ ಹರ್ಟನ ಎರಡು ಹಾಡುಗಳೂ ಸೇರಿದುವು. ಕೇಳಿದ ಯುವಕರು ಬೆರಗಾದರು. ಆತ ಬದುಕಿದ್ದಾನೆಯೆ, ಎಲ್ಲಿದ್ದಾನೆ, ಯಾರಿಗೂ ತಿಳಿಯದು. ಆತನ ಬೇರೊಂದು ಹಾಡಿನಲ್ಲಿ ಅವಲಾನ್ ಎಂಬುದು ತನ್ನ ಊರೆಂಬ ಮಾತು ಬರುತ್ತದೆ. ಆ ಒಂದು ಹೆಸರಿನ ಸುಳಿವು ಹಿಡಿದು, ಹಳೆಯ ಭೂಪಟದಲ್ಲಿ ಊರನ್ನು ಪತ್ತೆಮಾಡಿ, 1963ರಲ್ಲಿ ರಸಿಕನೊಬ್ಬ ಅಲ್ಲಿಗೆ ಹೋದ. ಎಪ್ಪತ್ತರ ಹರೆಯದ ಹರ್ಟ್ ಅಲ್ಲಿಯೇ ಇದ್ದ! ಅದೇ ವರ್ಷ ಆತ ನ್ಯೂಪೋರ್ಟಿನ ಉತ್ಸವದಲ್ಲಿ ಹಾಡಿದ. 1966ರಲ್ಲಿ ತೀರಿಕೊಳ್ಳುವವರೆಗೆ ಮೂರು ವರ್ಷ ಸಾವಿರಾರು ಜನ ಆತನನ್ನು ಕೇಳಿದರು. ಈ ಕಥೆಯನ್ನು ಓದಿದಾಗಲೆಲ್ಲ ನನ್ನ ಕ್ಯಾಸೆಟ್ಟಿನ ಮೇಲಿನ ಬರಹ ನೆನಪಾಗಿ ಮನಸ್ಸು ಮುದುಡುತ್ತದೆ.

ಹೆಸರಿಲ್ಲದ ಮೇಳಗಳನ್ನು ಸರಕಾರವೇ ಮುಂದೆ ತರಬಾರದೆ ಎಂದು ಕೇಳುವವರಿದ್ದಾರೆ. ತರಬಹುದು. ನೆರೆಯ ಅಮೆರಿಕದ ಹಾಡುಗಳ ಅಬ್ಬರದಲ್ಲಿ ಸ್ವಂತ ಗಾಯಕರ ದನಿ ಕೇಳದಂತಾದಾಗ ಕೆನಡಾ ದೇಶ 1971ರಲ್ಲಿ ಒಂದು ನಿಯಮವನ್ನು ಜಾರಿಗೆ ತಂದಿತು. ರೇಡಿಯೊ ಕೇಂದ್ರಗಳು ಬಿತ್ತರಿಸುವ ಜನಪ್ರಿಯ ಸಂಗೀತದಲ್ಲಿ ಶೇಕಡ 30ರಷ್ಟಾದರೂ ಸ್ವದೇಶದ್ದಾಗಿರಬೇಕೆಂಬುದು ಆ ನಿಯಮ. ನಿಯಮದಿಂದ ಹಾಡಿಗೆ ವೇಳೆ ಸಿಕ್ಕುತ್ತದೆ. ಆದರೆ ಆ ವೇಳೆಯಲ್ಲಿ ರೇಡಿಯೊದ ಮುಂದೆ ಒಬ್ಬನನ್ನು ಕೂರಿಸುವುದು ಇನ್ನೊಬ್ಬನ ಮಾತೇ. ನಮ್ಮ ವಿವಿಧಭಾರತಿಯ ಕೋರಿಕೆ ಕಾರ್ಯಕ್ರಮಗಳನ್ನು ನೆನೆಯಿರಿ. ಈಗ ಜಾರ್ಖಂಡದಲ್ಲಿರುವ ಝುಮ್ರಿ ತಿಲಯ್ಯಾ ಎಂಬ ಚಿಕ್ಕ ಊರು ದೇಶಕ್ಕೆಲ್ಲ ಪರಿಚಿತವಾದದ್ದು ಅಲ್ಲಿಯ ಕೇಳುಗರು ಬಿಡದೆ ಬರೆದ ಕೋರಿಕೆಯ ಕಾಗದಗಳಿಂದ. ಹಾಡು ಕೋರಿದವನ ಹೆಸರು, ಊರು ಎರಡನ್ನೂ ಬಾನುಲಿ ಮರೆಯದೆ ಹೇಳುತ್ತಿತ್ತು. ಕೋರಿದವನಿಗೆ ಸಲ್ಲುವ ಈ ಮರ್ಯಾದೆ ಹಾಡಿದವನಿಗೆ ಸಲ್ಲಬೇಡವೆ?

ಹಾಗಾದರೆ ಒಂದು ಮೇಳವನ್ನು ಇನ್ನೊಬ್ಬರಿಗೆ ಪರಿಚಯಿಸುವುದು ಹೇಗೆ? ನನ್ನ ಅನುಭವದಿಂದ ನಾಲ್ಕು ಮಾತು ಹೇಳಬಹುದು.

ಮೊದಲನೆಯದು, ಹೆಸರು ಮತ್ತು ಊರು. ಮುಖ್ಯ ಗಾಯಕನದಷ್ಟೇ ಅಲ್ಲ, ಹಿಮ್ಮೇಳದವರದೂ. ಯಾವ ಸಂದರ್ಭದಲ್ಲಿ ಹಾಡಿದರೆಂಬುದೂ ಅದರೊಡನೆ ಇರಬೇಕು. ಹರಕೆಯ ರಾತ್ರಿಯ ಹಾಡು ಬೇರೆ, ವೇದಿಕೆಯ ಹಾಡು ಬೇರೆ.

ಎರಡನೆಯದು, ಎಲ್ಲಿ ಕಿವಿಗೊಡಬೇಕೆಂದು ಹೇಳುವುದು. "ಬಹಳ ಚೆನ್ನಾಗಿದೆ" ಎಂಬ ಮಾತಿನಿಂದ ಯಾರಿಗೂ ದಾರಿ ಸಿಕ್ಕುವುದಿಲ್ಲ. "ಮೊದಲ ಕಾಲುಗಂಟೆ ಒಂದೇ ದಾಟಿ ಎನಿಸುತ್ತದೆ, ಬೇಸರಪಡಬೇಡಿ, ಆಮೇಲೆ ಕಥೆ ಏರುವಾಗ ದಮ್ಮಡಿಯ ನಡೆ ಬದಲಾಗುತ್ತದೆ, ಅದನ್ನು ಗಮನಿಸಿ" ಎಂದರೆ ಪಟ್ಟಣದ ಕಿವಿಗೂ ಒಂದು ಹಿಡಿ ಸಿಕ್ಕುತ್ತದೆ.

ಮೂರನೆಯದು, ಕೇಳುವವರನ್ನು ನೋಡಿ ಹೇಳುವುದು. ತಂಬೂರಿ ಪದವನ್ನು ಎಂದೂ ಕೇಳದವರನ್ನು ಇಡೀ ರಾತ್ರಿಯ ಕಥೆಗೆ ಎಳೆದೊಯ್ದು ಕೂರಿಸಿದರೆ ಅವರು ಮತ್ತೆ ಆ ಕಡೆ ತಲೆಹಾಕುವುದಿಲ್ಲ. ಮಳವಳ್ಳಿ ಮಹದೇವಸ್ವಾಮಿಯವರ ಕ್ಯಾಸೆಟ್ಟುಗಳಿಂದ ಮೊದಲುಮಾಡಿ, ಅಲ್ಲಿಂದ ಊರಿನ ಮೇಳಕ್ಕೆ ಕರೆತರುವುದು ವಿವೇಕ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ: ಹಾಡುವವರನ್ನು ಕೇಳಿ ಹಂಚುವುದು. "ನಿಮ್ಮ ಹಾಡನ್ನು ನಾಲ್ಕು ಜನಕ್ಕೆ ಕೇಳಿಸಲೇ? ಕರೆದರೆ ಬರುತ್ತೀರಾ? ಸಂಭಾವನೆ ಎಷ್ಟು?" ಎಂಬ ಮಾತುಗಳನ್ನು ಆಡಲು ರಸಿಕನಾದವನು ಸಂಕೋಚಪಡಬಾರದು.

ನಮ್ಮಲ್ಲಿ ಇನ್ನೊಂದು ದೋಷವಿದೆ. ನಮಗೆ ಮಾತ್ರ ಗೊತ್ತಿರುವ ಮೇಳ ಎಂಬುದರಲ್ಲಿ ಒಂದು ಗುಟ್ಟಾದ ಜಂಬ. ಹತ್ತು ಜನಕ್ಕೆ ತಿಳಿದರೆ ಅದರ ಸೊಗಸು ಕೆಡುತ್ತದೆ ಎಂಬ ನೆಪ ಬೇರೆ. ನೆಪದಲ್ಲಿ ಸ್ವಲ್ಪ ನಿಜವೂ ಉಂಟು. ಇಡೀ ರಾತ್ರಿಯ ಕಥೆ ಉತ್ಸವದ ವೇದಿಕೆಯ ಮೇಲೆ ಹತ್ತು ನಿಮಿಷದ ತುಣುಕಾಗಿ, ಹಾಡುವವರು ನಡೆಯನ್ನು ಓಡಿಸಬೇಕಾಗಿ ಬರುವುದನ್ನು ನಾನು ಕಂಡಿದ್ದೇನೆ. ಆದರೆ ಅದನ್ನು ನಿರ್ಧರಿಸಬೇಕಾದವರು ಹಾಡುವವರೇ ಹೊರತು ಕೇಳುವ ನಾವಲ್ಲ. ಅವರಿಗೂ ಮನೆಯಿದೆ, ಮಕ್ಕಳಿದ್ದಾರೆ. ನಮ್ಮ ಅಭಿರುಚಿಯ ಶುದ್ಧಿಗಾಗಿ ಅವರು ಅಜ್ಞಾತರಾಗಿಯೇ ಇರಲಿ ಎಂದು ಬಯಸುವುದು ರಸಿಕತೆಯಲ್ಲ, ಜಿಪುಣತನ.

ಈಗ ಕ್ಯಾಸೆಟ್ಟಿನ ಕಾಲ ಹೋಗಿದೆ. ಎಲ್ಲರ ಕೈಯಲ್ಲಿಯೂ ಫೋನು ಬಂದಿದೆ. ನನಗೂ ದಿನಕ್ಕೆ ಒಂದೆರಡಾದರೂ ಹಾಡಿನ ತುಣುಕುಗಳು ಬರುತ್ತವೆ: ಗದ್ದೆಯಲ್ಲಿ ಹಾಡುವ ಮುದುಕಿ, ಜಾತ್ರೆಯಲ್ಲಿ ಕಂಸಾಳೆಯವರು. ಕೆಳಗೆ "ಹಳ್ಳಿಯ ಪ್ರತಿಭೆ" ಎಂದೋ "ನಮ್ಮ ಸಂಸ್ಕೃತಿ" ಎಂದೋ ಬರೆದಿರುತ್ತದೆ. ನಾನು 1986ರಲ್ಲಿ ಬರೆದ "ನೀಲಗಾರರ ಪದ, ಬಿಡದಿ" ಎಂಬುದಕ್ಕೂ ಇದಕ್ಕೂ ಏನು ವ್ಯತ್ಯಾಸ? ಹಂಚುವ ವೇಗ ಹೆಚ್ಚಿದೆ, ಅಷ್ಟೆ. ಕಳುಹಿಸಿದವರಿಗೆ ನಾನು ಒಂದೇ ಪ್ರಶ್ನೆ ಬರೆಯುತ್ತೇನೆ: "ಇವರ ಹೆಸರೇನು, ಯಾವ ಊರು?" ಹಲವರಿಂದ ಉತ್ತರ ಬರುವುದಿಲ್ಲ. ಕೆಲವರು ವಿಚಾರಿಸಿ ತಿಳಿಸುತ್ತಾರೆ. ಹಾಗೆ ತಿಳಿದ ಹೆಸರುಗಳನ್ನು ಊರು, ಮೇಳ, ವಾದ್ಯಗಳ ವಿವರದೊಡನೆ ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತಿದ್ದೇನೆ. ಅದರ ಮೊದಲ ಪುಟದಲ್ಲಿ ಮಾತ್ರ ಹೆಸರಿನ ಜಾಗ ಖಾಲಿಯಿದೆ. ಬಿಡದಿಯ ಸುತ್ತಿನವರು, ಮಳವಳ್ಳಿ ಕನಕಪುರಗಳ ಕಡೆಯವರು ಯಾರಾದರೂ ಈ ಮಾತನ್ನು ಕೇಳುತ್ತಿದ್ದು, ಒಡೆದ ಕಂಠದ ಆ ನೀಲಗಾರರನ್ನೂ ಅವರೊಡನೆ ದಮ್ಮಡಿ ಬಾರಿಸುತ್ತಿದ್ದ ಬಾವನನ್ನೂ ಬಲ್ಲವರಾದರೆ, ದಯವಿಟ್ಟು ತಿಳಿಸಿ. ಆ ಜಾಗವನ್ನು ತುಂಬುವ ಆಸೆಯನ್ನು ನಾನು ಇನ್ನೂ ಬಿಟ್ಟಿಲ್ಲ.

(ಬಾನುಲಿ ಭಾಷಣ)