ಕೋಳಿ ಮಂಕಾದಾಗ



ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಓದಿದ್ದು ಎಸ್ಸೆಸ್ಸೆಲ್ಸಿ. ಪಶುವೈದ್ಯನಲ್ಲ. ಆದರೂ ಹಿತ್ತಲ ಕೋಳಿಯ ಆರೈಕೆಯ ಬಗ್ಗೆ ನಿಮ್ಮೊಡನೆ ನಾಲ್ಕು ಮಾತು ಆಡಬೇಕೆಂದಿದ್ದೇನೆ. ನಮ್ಮ ತಾಳವಾಡಿ ಕಡೆಯ ಅನೇಕ ಮನೆಗಳಂತೆ ನಮ್ಮಲ್ಲೂ ಕೋಳಿ ಎಂದರೆ ಹೆಂಗಸರ ಕೈಖರ್ಚಿನ ಹಣ. ಮೊಟ್ಟೆ ಮಾರಿದ ಕಾಸನ್ನು ನಮ್ಮ ಮನೆಯವರು ಸಾಸಿವೆ ಡಬ್ಬಿಯಲ್ಲಿ ಇಡುತ್ತಿದ್ದರು. ಒಂದೇ ವಾರದಲ್ಲಿ 11 ಕೋಳಿಗಳ ಪೈಕಿ 9 ಸತ್ತವು. ಅದರಲ್ಲಿ ನನ್ನ ತಪ್ಪೇ ಹೆಚ್ಚು.

ಮೊದಲು, ಕಾಯಿಲೆಯನ್ನು ಗುರುತಿಸುವುದು ಹೇಗೆ? ಬೆಳಿಗ್ಗೆ ಗೂಡಿನ ಬಾಗಿಲು ತೆಗೆದಾಗ ಗಮನಿಸಿ. ಆರೋಗ್ಯದ ಕೋಳಿ ನೂಕಿಕೊಂಡು ಹೊರಗೆ ಬರುತ್ತದೆ. ಕಾಯಿಲೆಯದು ಹಿಂದೆ ಉಳಿಯುತ್ತದೆ. ಪುಕ್ಕ ಕೆದರಿ, ಕತ್ತು ಒಳಗೆಳೆದು, ಕಣ್ಣು ಮುಚ್ಚಿ ನಿಲ್ಲುತ್ತದೆ. ಜುಟ್ಟು ಬಿಳಿಚಿರಬಹುದು, ನೀಲಿಗಟ್ಟಿರಬಹುದು. ನಮ್ಮ ಕೆಂಪು ಹ್ಯಾಟೆ ಹೀಗೆಯೇ ನಿಂತಿತ್ತು.

ಆಗ ಮಾಡಬೇಕಾದ ಮೊದಲ ಕೆಲಸ ಔಷಧಿ ಹುಡುಕುವುದಲ್ಲ, ಅದನ್ನು ಬೇರೆ ಮಾಡುವುದು. ಗಾಳಿ ಹೊಡೆಯದ ಮೂಲೆಯಲ್ಲಿ ಒಣಹುಲ್ಲು ಹಾಸಿ, ಮಂಕರಿ ಕವುಚಿ, ಅದರೊಳಗೆ ಬಿಡಿ. ನೀರಿನ ಬಟ್ಟಲು, ಕಾಳಿನ ತಟ್ಟೆ ಅದಕ್ಕೇ ಪ್ರತ್ಯೇಕವಾಗಿರಲಿ. ದಿನವೂ ಗಟ್ಟಿ ಕೋಳಿಗಳ ಕೆಲಸ ಮೊದಲು ಮುಗಿಸಿ, ರೋಗಿಯ ಬಳಿಗೆ ಕೊನೆಗೆ ಹೋಗಿ. ಆಮೇಲೆ ಸೋಪಿನಿಂದ ಕೈ ತೊಳೆಯಿರಿ. ನಾನು ಹಗಲೆಲ್ಲ ಬೇರೆ ಇಟ್ಟು, ರಾತ್ರಿ ಚಳಿಗೆ ಪಾಪವೆನಿಸಿ ಮತ್ತೆ ಗೂಡಿಗೇ ಬಿಟ್ಟೆ. ಆ ಕರುಣೆಯೇ ಮುಳುವಾಯಿತು.

ಎರಡನೆಯದು ಪರೀಕ್ಷೆ. ಕೊರಳ ಬುಡದಲ್ಲಿರುವ ಕಾಳಿನ ಚೀಲವನ್ನು ಮುಟ್ಟಿ ನೋಡಿ. ರಾತ್ರಿ ಕಳೆದ ಮೇಲೆ ಅದು ಬರಿದಾಗಿರಬೇಕು. ಬೆಳಿಗ್ಗೆಯೂ ಗಟ್ಟಿಯಾಗಿದ್ದರೆ ಮೇವು ಕಟ್ಟಿಕೊಂಡಿದೆ. ಎದೆಮೂಳೆ ಚಾಕುವಿನಂತೆ ಕೈಗೆ ತಗುಲಿದರೆ ಕಾಯಿಲೆ ಹಳೆಯದು, ಜಂತುಹುಳುವೂ ಇರಬಹುದು. ರೆಕ್ಕೆಯ ಅಡಿಯಲ್ಲಿ ಹೇನು ಹುಡುಕಿ. ಹಿಕ್ಕೆಯನ್ನು ನೋಡಿ. ಮರಿಗಳ ಹಿಕ್ಕೆಯಲ್ಲಿ ರಕ್ತ ಕಂಡರೆ ಅದು ರಕ್ತಭೇದಿ ಇರಬಹುದು. ಅದಕ್ಕೆ ಔಷಧಿ ಇದೆ, ಅದೇ ದಿನ ಪಶು ಆಸ್ಪತ್ರೆಗೆ ಹೋಗಿ. ಹಸಿರು ಬಿಳಿ ಬೆರೆತ ನೀರುಭೇದಿ, ಬಾಯಿ ತೆರೆದು ಏದುಸಿರು, ಕಾಲು ರೆಕ್ಕೆಗೆ ಲಕ್ವ, ಕತ್ತು ತಿರುಚುವುದು ಕಂಡರೆ ಎಚ್ಚರ. ಇವು ಕೊಕ್ಕರೆ ರೋಗದ ಲಕ್ಷಣಗಳು.

ಮಂಕಾದ ಕೋಳಿಗೆ ಹಸಿವಿಗಿಂತ ನೀರಡಿಕೆಯೇ ಅಪಾಯ. ಒಂದು ದಿನದ ಮಟ್ಟಿಗೆ ಓಆರ್‌ಎಸ್ ನೀರು ಇಡಿ, ಆಮೇಲೆ ಶುದ್ಧ ನೀರು ಸಾಕು. ಬಾಯಿ ಅಗಲಿಸಿ ಸುರಿಯಬೇಡಿ, ಶ್ವಾಸನಾಳಕ್ಕೆ ಹೋದೀತು. ಕೊಕ್ಕಿನ ಪಕ್ಕಕ್ಕೆ ಹನಿ ಹನಿಯಾಗಿ ತಾಗಿಸಿ, ಅದೇ ನುಂಗುತ್ತದೆ. ತೆಳ್ಳಗಿನ ರಾಗಿ ಅಂಬಲಿ, ಮೆತ್ತಗೆ ಬೆಂದ ನುಚ್ಚು ಕೊಡಬಹುದು. ಮನುಷ್ಯರ ಮಾತ್ರೆಯನ್ನು ಅರ್ಧ ಮುರಿದು ಕೊಡುವ ಪ್ರಯೋಗ ಬೇಡ.

ಇನ್ನು ಕೊಕ್ಕರೆ ರೋಗದ ವಿಚಾರ. ಪುಸ್ತಕಗಳಲ್ಲಿ ಇದರ ಹೆಸರು ರಾಣಿಖೇತ್. 1920ರ ದಶಕದಲ್ಲಿ ಇದನ್ನು ನಮ್ಮ ದೇಶದಲ್ಲಿ ಗುರುತಿಸಿದ್ದು ಇಂದಿನ ಉತ್ತರಾಖಂಡದ ರಾಣಿಖೇತ್ ಎಂಬ ಊರಿನಲ್ಲಿ. ಇದು ವೈರಸ್ಸಿನಿಂದ ಬರುವ ರೋಗ; ಬಂದ ಮೇಲೆ ಗುಣಪಡಿಸುವ ಔಷಧಿ ಇಲ್ಲ. ಬಾರದಂತೆ ಲಸಿಕೆ ಮಾತ್ರ ಇದೆ. ಮರಿಗಳಿಗೆ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಹನಿ, ಸುಮಾರು 8 ವಾರಕ್ಕೆ ಚುಚ್ಚುಮದ್ದು, ಆಮೇಲೆ ಡಾಕ್ಟರು ಹೇಳಿದಂತೆ. ಲಸಿಕೆ ಹಾಕಿಸಬೇಕಾದದ್ದು ಗಟ್ಟಿಯಾಗಿರುವ ಕೋಳಿಗೆ.

ಇಲ್ಲೇ ನಾನು ಎಡವಿದ್ದು. ಲಸಿಕೆ ಶಿಬಿರದ ಚೀಟಿ ಊರಿನ ಗೋಡೆಯ ಮೇಲೆಯೇ ಇತ್ತು. ಅದು ತಮಿಳಿನಲ್ಲಿತ್ತು. ನಮ್ಮ ಮನೆಯವರು ತಮಿಳು ಮಾತಾಡುತ್ತಾರೆ, ಓದಲು ಬಾರದು. ನಾನು ಓದಿದೆ. ‘ಕೋಳಿ ಕಳಿಚ್ಚಲ್’ ಎಂದಿತ್ತು. ಮಳೆಗಾಲದ ಸಾಮಾನ್ಯ ಭೇದಿ ಇರಬೇಕೆಂದು ಮುಂದೆ ನಡೆದೆ. ಸಾಲದ ಕಾಗದಗಳನ್ನು ಎರಡೆರಡು ಸಲ ಓದಿ ರುಜು ಹಾಕಿಸುತ್ತಿದ್ದವನು, ಹೆಂಡತಿಯ ಕೋಳಿಗಾಗಿ ಒಂದು ಮಾತು ಕೇಳಲಿಲ್ಲ. ಆದ್ದರಿಂದ ನೆನಪಿಡಿ: ತಮಿಳಿನ ಕೋಳಿ ಕಳಿಚ್ಚಲ್, ವೆಳ್ಳೈ ಕಳಿಚ್ಚಲ್, ನಮ್ಮ ಕೊಕ್ಕರೆ ರೋಗ, ಪುಸ್ತಕದ ರಾಣಿಖೇತ್, ಎಲ್ಲವೂ ಒಂದೇ. ಓದಲು ಬಾರದ ನೆರೆಯವರಿಗೂ ಹೇಳಿ.

ಕೋಳಿಗಳು ಬೀಳತೊಡಗಿದಾಗ ಪಕ್ಕದ ಮನೆಯ ಅಣ್ಣ, “ಉಳಿದವನ್ನು ಸಂತೆಗೆ ಹಾಕಿಬಿಡಿ, ಅಸಲಾದರೂ ಬರುತ್ತದೆ” ಎಂದರು. ನನ್ನ ಮನಸ್ಸೂ ಅತ್ತ ವಾಲಿತು. ನಮ್ಮ ಮನೆಯವರು ಮಾತ್ರ, “ಕೊಂಡವಳ ಮನೆಯಲ್ಲೂ ಒಂದು ಗೂಡು ಇರುತ್ತದಲ್ಲ” ಎಂದು ತಡೆದರು. ನಿಜ, ರೋಗ ಒಂದೂರಿನಿಂದ ಇನ್ನೊಂದೂರಿಗೆ ಹೋಗುವುದೇ ಹೀಗೆ. ಸತ್ತದ್ದನ್ನು ಹಳ್ಳಕ್ಕೆ ಎಸೆಯಬೇಡಿ. ನಾಯಿ ಕೆದಕದಷ್ಟು ಆಳದ ಗುಂಡಿ ತೋಡಿ, ಸುಣ್ಣ ಹಾಕಿ ಹೂಳಿ. ಒಮ್ಮೆಗೇ ಹಲವು ಸತ್ತರೆ ಕೊಯ್ದು ತಿನ್ನಬೇಡಿ, ಪಶು ಆಸ್ಪತ್ರೆಗೆ ತಿಳಿಸಿ. 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಹಕ್ಕಿಜ್ವರ ಕಾಣಿಸಿಕೊಂಡ ಮೇಲೆ, ಇಂಥ ಸಾವನ್ನು ಮುಚ್ಚಿಡುವುದು ಮನುಷ್ಯರಿಗೂ ಅಪಾಯವೆಂದು ನಮಗೆಲ್ಲ ಗೊತ್ತಿದೆ.

ಉಳಿದ 2 ಕೋಳಿಗಳಲ್ಲಿ ಒಂದು ಮುಂದೆ ಕಾವಿಗೆ ಕೂತಿತು. ಈ ಸಲ ಮರಿಗಳಿಗೆ ಹನಿ ಹಾಕಿಸಲು ಪೆಟ್ಟಿಗೆ ಹೊತ್ತು ಆಸ್ಪತ್ರೆಗೆ ಹೋದವನು ನಾನೇ. ಸಾಸಿವೆ ಡಬ್ಬಿಯಲ್ಲಿ ಮತ್ತೆ ಚಿಲ್ಲರೆ ಸದ್ದು ಕೇಳುತ್ತಿದೆ. ನಾಳೆ ಬೆಳಿಗ್ಗೆ ಗೂಡು ತೆಗೆಯುವಾಗ ಒಂದು ನಿಮಿಷ ನಿಂತು ನೋಡಿ, ಹಿಂದೆ ಉಳಿದದ್ದು ಯಾವುದೆಂದು.